ಮರೆತವನ ಸಿಟ್ಟು

ಕೆಲಸದ ಮನೆಯ ಅಡುಗೆಕೋಣೆಯಿಂದ,
ಮಂಗಳವಾರ, ಒಂಬತ್ತನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಪ್ರವಚನ ಮಾಡುವವನಿಗೆ ಗಂಟಲೇ ಬಂಡವಾಳ, ಬಿಸಿನೀರು ಕುಡಿ ಎಂದರೆ ಕೇಳುವವನಲ್ಲ ನೀನು. ಊರಿಗೆಲ್ಲ ಸಂಯಮ ಹೇಳಿ ಮನೆಗೆ ಬಂದು ಐಸ್‌ನೀರು ಕುಡಿಯುತ್ತೀಯೆಂದು ನನಗೆ ಗೊತ್ತಿಲ್ಲವೇ? ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಯೊಳಗೆ ಕೈಯಿಟ್ಟು ಸಿಕ್ಕಿಬಿದ್ದರೂ "ಇರುವೆ ಓಡಿಸ್ತಿದ್ದೆ ಅಕ್ಕಾ" ಅಂದವನಲ್ಲವೇ ನೀನು. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದೊಂದು ನನ್ನನ್ನು ಬಿಟ್ಟುಹೋಗುವುದಿಲ್ಲ.

ನಿನ್ನ ಕಾಗದ ತಲುಪಿತು. ಭಾನುವಾರ ಹೊಸ ಪ್ರಾರ್ಥನಾ ಮಂದಿರದ ಬಾಗಿಲು ತೆರೆಯಲು ನೀನೇ ಬರುತ್ತೀಯೆಂದು ಓದಿ ಹಿಗ್ಗಿದೆ. ಅದನ್ನು ಕಟ್ಟಿಸಿಕೊಟ್ಟವನು ನಮ್ಮ ಲಾಂಡ್ರಿ ಮಾಲೀಕನೆಂದು ಗೊತ್ತಿದ್ದೂ ಒಪ್ಪಿಕೊಂಡಿದ್ದೀಯ. "ಅಂಥವನ ಕೈಯಲ್ಲೂ ದೇವರು ಒಳ್ಳೆಯದು ಮಾಡಿಸಿದ, ಇನ್ನಾದರೂ ದ್ವೇಷ ಬಿಡು ಅಕ್ಕಾ" ಎಂದು ಬರೆದಿದ್ದೀಯ. ನಿನ್ನ ಮೇಲೆ ನನಗೆ ಮುನಿಸಿಲ್ಲ, ಆದರೆ ಆ ಒಂದು ಸಾಲು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ನನ್ನ ಮಗಳನ್ನು ಹೆಗಲ ಮೇಲೆ ಹೊತ್ತು ಬೀದಿ ಸುತ್ತಿದವನು ನೀನು. ಅವಳು ಹೇಗೆ ಸತ್ತಳೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ನಿನ್ನ ಕಾಗದಗಳಲ್ಲಿ ಅದು ಬರೀ "ಅವಘಡ" ಆಗಿಬಿಟ್ಟಿದೆ. ಲಾಂಡ್ರಿಯ ಬಾಯ್ಲರಿಗೆ ಒಂದು ಕವಾಟವಿತ್ತು, ಒತ್ತಡ ಏರಿದರೆ ತಾನೇ ತೆರೆದು ಆವಿಯನ್ನು ಹೊರಗೆ ಬಿಡುವಂಥದ್ದು. ಆವಿ ಪೋಲಾಗುತ್ತದೆ, ಇಸ್ತ್ರಿ ನಿಧಾನವಾಗುತ್ತದೆ ಎಂದು ಮಾಲೀಕ ಅದನ್ನು ತಂತಿಯಿಂದ ಬಿಗಿಸಿದ. "ಮಾಲೀಕರೇ ನಿಂತು ಕಟ್ಟಿಸಿದ್ರಮ್ಮಾ" ಎಂದು ಮಗಳು ಅವತ್ತು ಸಂಜೆ ಊಟಕ್ಕೆ ಕೂತಾಗ ಹೇಳಿದ್ದಳು. ಮಾರನೇ ದಿನ ಬಾಯ್ಲರ್ ಒಡೆಯಿತು. ಇಸ್ತ್ರಿ ಮೇಜಿನ ಮುಂದಿದ್ದ ನನ್ನ ಮಗಳು ಹೋದಳು, ಬಾಯ್ಲರ್ ನೋಡಿಕೊಳ್ಳುತ್ತಿದ್ದವನೂ ಹೋದ. ಕೋರ್ಟಿನಲ್ಲಿ ಮಾಲೀಕ ದೇವರ ಮೇಲೆ ಪ್ರಮಾಣ ಮಾಡಿ, ಬಾಯ್ಲರಿನವನು ಕುಡುಕ, ತಂತಿ ಬಿಗಿದವನು ಅವನೇ ಎಂದ. ಸತ್ತವನು ಎದ್ದುಬಂದು ಇಲ್ಲ ಅನ್ನುತ್ತಾನೆಯೇ? ಸತ್ತವಳು ಊಟಕ್ಕೆ ಕೂತು ಹೇಳಿದ್ದು ಸಾಕ್ಷಿಯಲ್ಲ ಎಂದು ನನ್ನ ಬಾಯಿಯನ್ನೂ ಮುಚ್ಚಿಸಿದರು. ಬಾಯ್ಲರಿನವನ ಹೆಂಡತಿಗೆ ಇವತ್ತಿಗೂ ಬೀದಿಯಲ್ಲಿ "ಕೊಲೆಗಡುಕನ ಹೆಂಡ್ತಿ" ಅಂತಲೇ ಹೆಸರು. ಅವತ್ತು ನೀನು ನನ್ನ ಕೈ ಹಿಡಿದು, "ತನ್ನ ಹೆಸರಲ್ಲಿ ಸುಳ್ಳು ಹೇಳಿದ ನಾಲಿಗೇನ ದೇವರು ಸುಮ್ಮನೆ ಬಿಡಲ್ಲ" ಅಂದೆ. ನಂಬಿದೆ. ಕಾದೆ. ಪಾಪಿ ಚಿರಾಯು ಅನ್ನುವ ಮಾತು ನನ್ನ ಹಾಗೆ ಕಾದು ಕೂತ ಯಾವಳೋ ಕಟ್ಟಿದ್ದಿರಬೇಕು.

ಮುದುಕರೊಬ್ಬರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದೆನಲ್ಲ, ಆ ಮುದುಕ ಅವನೇ ಕಣೋ. ಅವನ ಸೊಸೆ ಆಮೇಲೆ ಬಂದವಳು, ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಮಗನಂತೂ ಕೋರ್ಟಿನಲ್ಲಿ ನಮ್ಮ ಬೆಂಚಿನ ಕಡೆ ಕಣ್ಣೆತ್ತಿದವನಲ್ಲ. ಮಾಲೀಕನಿಗೆ ಈಗ ಮರೆವಿನ ಕಾಯಿಲೆ. ದೇವರು ಶಿಕ್ಷೆ ಕೊಟ್ಟ ಎಂದು ಅಕ್ಕಪಕ್ಕದವರು ಪಿಸುಗುಡುತ್ತಾರೆ. ಯಾವ ಶಿಕ್ಷೆ? ಬೆಳಿಗ್ಗೆ ಕಿಟಕಿಯ ಗುಬ್ಬಚ್ಚಿ ನೋಡಿ ನಗುತ್ತಾನೆ. ಹೊಟ್ಟೆ ತುಂಬಾ ಉಂಡು ಕೂಸಿನ ಹಾಗೆ ಮಲಗುತ್ತಾನೆ. ನಿದ್ದೆಯಿಲ್ಲದವಳು ನಾನು. ಮಾಡಿದವನಿಗೆ ಮರೆವು, ಕಳಕೊಂಡವಳಿಗೆ ನೆನಪು, ಇದು ಯಾವ ಸೀಮೆಯ ನ್ಯಾಯ? ನನ್ನನ್ನು ಒಂದು ಮಾತು ಕೇಳದೆ ಇವನ ಪಾಪ ಒರೆಸಲು ನಿನ್ನ ದೇವರಿಗೆ ಯಾರು ಹೇಳಿದರು? ಎಲ್ಲರೂ ದೇವರ ಮಕ್ಕಳೇ ಎಂದು ನೀನು ಬರೆಯುತ್ತೀಯ. ಸರಿ, ಮಗಳನ್ನು ಬೇಯಿಸಿದವನನ್ನು ತಟ್ಟಿ ಮಲಗಿಸುವ ತಂದೆಗೆ ಏನನ್ನಬೇಕು, ಅದನ್ನೂ ಬರೆ. ದೇವರಿಲ್ಲ ಎಂದು ಕೈತೊಳೆದುಕೊಳ್ಳಲೂ ನನ್ನಿಂದಾಗದು. ಇಲ್ಲದವನ ಮೇಲೆ ಯಾರಿಗಾದರೂ ಇಷ್ಟು ಸಿಟ್ಟು ಬರುತ್ತದೆಯೇ?

ಮೊದಮೊದಲು ದಿನಾ ಅವನ ಕಿವಿಯಲ್ಲಿ ಹೇಳುತ್ತಿದ್ದೆ, ನೀವು ನನ್ನ ಮಗಳನ್ನ ಕೊಂದ್ರಿ ಅಂತ. "ನಾನಾ? ನಾನೇನಮ್ಮಾ?" ಎಂದು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಚಹಾ ಬಂದ ಕೂಡಲೇ ಮರೆತು ಬಿಸ್ಕತ್ತು ಕೇಳುತ್ತಿದ್ದ. ಸುಳ್ಳೇಕೆ ಹೇಳಲಿ, ಕೆಲವು ದಿನ ಆ ಅಳು ನನಗೆ ಜೇನಿನ ಹಾಗಿತ್ತು. ಆಮೇಲೆ ಸಪ್ಪೆಯಾಯಿತು. ಪ್ರಮಾಣ ಮಾಡಿದವನು ಅಳುತ್ತಿರಲಿಲ್ಲ, ಯಾರೋ ಪಾಪದ ಮುದುಕ ಅಳುತ್ತಿದ್ದ. ಒಂದು ಬೆಳಿಗ್ಗೆ ಅವನ ಗಡ್ಡ ಹೆರೆಯುತ್ತಾ ಅರ್ಧ ಮಾತ್ರ ಹೇಳಿದೆ. ತಂತಿ, ಆವಿ, ಸತ್ತ ಹುಡುಗಿ, ಸತ್ತವನ ತಲೆಗೆ ಕಟ್ಟಿದ ಸುಳ್ಳು ಎಲ್ಲ ಹೇಳಿ, ಮಾಡಿದವರು ಯಾರೆಂದು ಮಾತ್ರ ಬಿಟ್ಟೆ. ಮುಖದ ತುಂಬ ನೊರೆಯಿಟ್ಟುಕೊಂಡೇ ಎದ್ದು ನಿಂತ. "ಯಾವನಮ್ಮಾ ಅವ್ನು ಬೇವರ್ಸಿ? ದೇವ್ರ ಮೇಲೆ ಆಣೆ ಇಟ್ಟು ಸುಳ್ಳು ಹೇಳಿದ್ನಾ? ಬಿಡಬಾರ್ದು ಅವನ್ನ! ನಡಿ, ನಾನೇ ಬರ್ತೀನಿ, ಊರೆಲ್ಲಾ ಕೇಳೋ ಹಾಗೆ ಹೇಳ್ತೀನಿ!" ಲಾಂಡ್ರಿಯನ್ನು ನಡುಗಿಸುತ್ತಿದ್ದ ಅದೇ ದನಿ!

ಅಂದಿನಿಂದ ದಿನಾ ಅರ್ಧವೇ ಹೇಳುತ್ತೇನೆ. ಇಂಥವರು ಕಾರಣ ಮರೆಯುತ್ತಾರೆ, ಸಿಟ್ಟು ಮರೆಯುವುದಿಲ್ಲ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಊಟದವರೆಗೂ ಉರಿಯುತ್ತದೆ. ಕೇಳಿ ಕೇಳಿ ತಂತಿಯ ಮಾತೂ ಅವನ ಬಾಯಿಗೆ ಹತ್ತಿದೆ, ಹಾಲು ತರುವವನನ್ನೂ ಹಿಡಿದು "ತಂತಿ ಬಿಗಿಸಿದೋನು ಸಿಕ್ಕಿದ್ನೇನಯ್ಯಾ?" ಅನ್ನುತ್ತಾನೆ. ಅವನು ಪಾಪ, ಹಾಲಿಗೆ ನೀರು ಬೆರೆಸಿದ್ದು ಗೊತ್ತಾಯಿತೇನೋ ಎಂದು ಹೆದರಿ ಓಡುತ್ತಾನೆ. ಮೊನ್ನೆ ಶುಕ್ರವಾರ ಮಾತ್ರ ಗಡ್ಡ ಹೆರೆಯುತ್ತಿದ್ದ ನನ್ನ ಕೈಯ ಕತ್ತಿ ನಿಂತುಹೋಯಿತು. "ಬಾಯ್ಲರ್‌ನೋನು ಬೇಡ ಬೇಡ ಅಂತ ಕಾಲು ಹಿಡ್ಕೊಂಡ ಕಣಮ್ಮಾ. ಒಂದು ದಿನಾನೂ ಕುಡಿದೋನಲ್ಲ ಅವ್ನು" ಅಂದ. ಅದನ್ನು ನಾನು ಅವನಿಗೆ ಹೇಳಿರಲಿಲ್ಲ ತಮ್ಮಾ. ನನಗೇ ಗೊತ್ತಿರಲಿಲ್ಲ. ಈಗ ದಿನಾ ತಂತಿಯ ಹಿಂದೆಯೇ ಆ ಮಾತೂ ಬರುತ್ತಿದೆ. ಇದನ್ನು ದೇವರೇ ನುಡಿಸಿದ ಎಂದು ಮಾತ್ರ ಬರೆಯಬೇಡ. ದಿನಾ ಅವನ ಮುಂದೆ ಕೂತು ಹಲ್ಲು ಕಚ್ಚಿಕೊಂಡು ಹೇಳಿದವಳು ನಾನು.

ನಿನ್ನ ಹೆಂಡತಿಗೆ ಸೊಂಟ ಜೋಪಾನ ಎಂದು ಹೇಳು, ಮಕ್ಕಳ ತಲೆ ಸವರು. ನಿನ್ನ ಗಂಟಲಿಗೆ ನನ್ನ ಆಯುಷ್ಯವೂ ಸೇರಲಿ.

ನಿನ್ನನ್ನು ಎತ್ತಿ ಬೆಳೆಸಿದ
ಅಕ್ಕ

ಮರೆತಿದ್ದೆ: ಸೊಸೆ ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಭಾನುವಾರ ಅವನನ್ನು ವೇದಿಕೆಯ ಮೇಲೆ ನಿನ್ನ ಪಕ್ಕದಲ್ಲೇ ಕೂರಿಸುತ್ತಾರೆ. ಬೆಳಿಗ್ಗೆ ಆ ಅರ್ಧ ಕಥೆ ಹೇಳಿ ಕರೆತರುವವಳು ನಾನು. ಬಾಯ್ಲರಿನವನ ಹೆಂಡತಿಗೆ ಮುಂದಿನ ಸಾಲಿನಲ್ಲಿ ಬಂದು ಕೂರಲು ಹೇಳಿಬಂದಿದ್ದೇನೆ. ಅವನು ಎದ್ದು ಮೈಕಿಗೆ ಕೈಚಾಚುತ್ತಾನೆ. ಅಪ್ಪನಿಗೆ ಹುಷಾರಿಲ್ಲ ಎಂದು ಮಗ ಓಡಿಬರುತ್ತಾನೆ. ಮೈಕು ನಿನ್ನ ಕೈಯಲ್ಲಿರುತ್ತದೆ. ಅದನ್ನು ಅವನಿಗೆ ಕೊಡು, ಮಗನನ್ನು ತಡೆ. ನಿನ್ನ ಕೈಲಿ ಆಗದಿದ್ದರೆ, ದೇವರ ಪರವಾಗಿ ಇನ್ನು ಯಾವತ್ತೂ ನನಗೆ ಕಾಗದ ಬರೆಯಬೇಡ.