ಎಂಟಿಲ್ಲದ ಸಂಖ್ಯೆ

ಯಾದವಗಿರಿ, ೧೯೫೮

ರೀ,

ನಿಮ್ಮ ಕಾಲೇಜಿನಲ್ಲಿ ಲೆಕ್ಕ ಕಲಿಸುವ ವಿಶಾಲಾಕ್ಷಿ ಇವತ್ತು ನನ್ನನ್ನು ಮಾತಾಡಿಸಿಕೊಂಡು ಹೋಗಲು ಬಂದಿದ್ದಳು. ನೀವು ತೀರಿಕೊಂಡದ್ದಕ್ಕೆ ನನಗಿಂತ ಹೆಚ್ಚು ಅವಳೇ ಅತ್ತಳು. ಕಾಫಿ ಕುಡಿಯುತ್ತಾ, "'೧೨೩೪೫೬೭೯ರಲ್ಲಿ ಎಂಟು ಯಾಕಿಲ್ಲ ಗೊತ್ತಾ, ಆ ಎಂಟು ನೀನೇ ಕಣೇ' ಅಂತಿದ್ರು ಕಣ್ರೀ," ಎಂದಳು.

'ನೀವು' ಅಲ್ಲ, 'ನೀನು'.

ಮದುವೆಯಾದ ಹೊಸದರಲ್ಲಿ ನನಗೂ ಇದೇ ಮಾತು ಹೇಳಿದ್ದಿರಿ. ಇಷ್ಟವಾದ ಅಂಕಿಯನ್ನು ಒಂಬತ್ತರಿಂದ ಗುಣಿಸಿ, ಬಂದದ್ದರಿಂದ ಈ ಸಂಖ್ಯೆಯನ್ನು ಗುಣಿಸಿದರೆ ಸಾಲುದ್ದಕ್ಕೂ ಅದೇ ಅಂಕಿ ಬರುತ್ತದೆ ಎಂದೂ ಹೇಳಿದ್ದಿರಿ. ನಾನು ನಂಬಿದ್ದೆ, ಗುಣಿಸಿ ನೋಡಿರಲಿಲ್ಲ.

ಅವಳು ಹೋದ ಮೇಲೆ ಅವಳ ಲೋಟವನ್ನು ಬೂದಿ ಹಾಕಿ ತಿಕ್ಕಿದೆ. ಆಮೇಲೆ 'ಎಂಟೊಂಬತ್ತಲಿ ಎಪ್ಪತ್ತೆರಡು' ಎಂದು ಮಗ್ಗಿ ಹೇಳಿಕೊಂಡು ಗುಣಿಸಿದೆ. ಒಂದರ ಪಕ್ಕ ಒಂದು, ಒಂಬತ್ತು ಎಂಟುಗಳು ಬಂದು ನಿಂತವು.

ಅವುಗಳಲ್ಲಿ ನಾನು ಎಷ್ಟನೆಯವಳು, ರೀ?