ಹಿಂದಿನ ಚಕ್ರದ ಗಾಳಿ

ಮಾರ್ಚ್ ೩

ಮತ್ತೆ ಹಿಂದಿನ ಚಕ್ರ. ಬ್ರಷ್ ಫ್ಯಾಕ್ಟರಿಯಿಂದ ಹೊರಟಾಗ ಸರಿಯಿತ್ತು, ಸೇತುವೆ ದಾಟುವಷ್ಟರಲ್ಲಿ ರಿಮ್ ನೆಲಕ್ಕೆ ಬಡಿಯತೊಡಗಿತು. ಆಸ್ಪತ್ರೆಯವರೆಗೂ ತಳ್ಳಿಕೊಂಡೇ ಹೋದೆ. ಅಕ್ಕನ ವಾರ್ಡ್ ಮುಚ್ಚುವ ಹೊತ್ತು. ಸಿಸ್ಟರ್ ನನ್ನ ಮುಖ ನೋಡಿ ಒಳಗೆ ಬಿಟ್ಟರು.

ಪಾರ್ಶ್ವವಾಯು ಹೊಡೆದ ಮೇಲೆ ಅಕ್ಕನಿಗೆ ನುಂಗುವುದೇ ಒಂದು ದುಡಿಮೆ. ಚಮಚದ ತುದಿಯಷ್ಟು ಕೊಡಬೇಕು, ಗಂಟಲು ಆಡಿದ್ದನ್ನು ಕಣ್ಣಾರೆ ನೋಡಬೇಕು, ಆಮೇಲೆ ಇನ್ನೊಂದು. ಮಧ್ಯಾಹ್ನ ಸಿಸ್ಟರ್ ಹೇಗೋ ಎರಡು ಚಮಚ ಇಳಿಸುತ್ತಾರೆ. ಭಾವ ಕೊಟ್ಟರಂತೂ ಹಲ್ಲು ಕಚ್ಚುತ್ತಾಳೆ. ಸಂಜೆ ನಾನು ಬಂದು ಕೊಟ್ಟರೆ ಮಾತ್ರ ಸರಿಯಾಗಿ ತಿನ್ನುವುದು. ಡಾಕ್ಟರ್ ಹೇಳಿಯಾಗಿದೆ — ಬಾಯಿಂದ ತಿಂದರೆ ಮನೆಗೆ, ಇಲ್ಲದಿದ್ದರೆ ಮೂಗಿಗೆ ಪೈಪು. ಪೈಪಿನ ಮಾತೆತ್ತಿದರೆ ಅಕ್ಕನ ಕಣ್ಣು ತುಂಬುತ್ತದೆ. ನನಗೂ.

ಮಾರ್ಚ್ ೪, ಬೆಳಗ್ಗೆ

ನೆಲ ಕೊಳೆಯಾಗಬಾರದೆಂದು ಫ್ಯಾಕ್ಟರಿಯ ಏಪ್ರನ್ ಹಾಸಿಕೊಂಡು ಪ್ಯಾಚ್ ಹಾಕಿದೆ. ಟ್ಯೂಬನ್ನು ಬಕೆಟ್ ನೀರಿಗೆ ಅದ್ದಿದರೆ ಗುಳ್ಳೆ ಸಾಲಾಗಿ ಎದ್ದವು. ತೂತು ಸಾಸಿವೆಗಿಂತ ಚಿಕ್ಕದು, ಉಪದ್ರವ ಬೆಟ್ಟದಷ್ಟು.

ಮಾರ್ಚ್ ೭

ಮತ್ತೆ. ಸೈಕಲ್ ಶಾಪಿನವನು ಚಕ್ರವನ್ನೊಮ್ಮೆ ತಿರುಗಿಸಿ ನೋಡಿ ಹೇಳಿದ, “ಸ್ಪೋಕಿನ ತುದಿ ಚುಚ್ತಿದೆ ಮೇಡಂ. ಒಳಗೆ ಟೇಪ್ ಸುತ್ತಿ, ಆಮೇಲೆ ನನ್ನನ್ನೇ ಮರೆತುಬಿಡ್ತೀರಿ.” ಟೇಪ್ ತಂದು ಮನೆಯಲ್ಲಿ ಸುತ್ತಿದೆ, ಪ್ಯಾಚ್ ಹಾಕಿದೆ.

ಮಾರ್ಚ್ ೧೧

ಅವನನ್ನು ಮರೆಯಲು ಆಗಲಿಲ್ಲ. ಟೇಪ್ ಅಲ್ಲಾಡಿಲ್ಲ, ತೂತು ಇರುವುದೂ ರಿಮ್ಮಿನ ಕಡೆಗಲ್ಲ, ಟೈರಿನ ಕಡೆಗೆ. ಅಂದರೆ ಸ್ಪೋಕಿನ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದಾಯಿತು. ನಮ್ಮದು ತಂತಿ ಬ್ರಷ್ಷಿನ ಫ್ಯಾಕ್ಟರಿ, ಅಂಗಳದ ತುಂಬ ಉಕ್ಕಿನ ತಂತಿಯ ಚೂರು. ಇನ್ನೇನು ಬೇಕು? ನಾಳೆಯಿಂದ ಗೇಟಿನವರೆಗೆ ಸೈಕಲ್ ಹೊತ್ತುಕೊಂಡೇ ಹೋಗುವುದು.

ಇವತ್ತು ಅಕ್ಕ ತಿಂದಿದ್ದು ನಾಲ್ಕೇ ಚಮಚ. ಹೊತ್ತೇ ಸಾಲಲಿಲ್ಲ.

ಮಾರ್ಚ್ ೧೪

ಗೇಟಿನ ವಾಚ್‌ಮನ್ ಕೇಳಿದ, “ನೀವು ಸೈಕಲ್ ಇಟ್ಕೊಂಡಿದ್ದೀರೋ, ಸೈಕಲ್ಲೇ ನಿಮ್ಮನ್ನ ಇಟ್ಕೊಂಡಿದೆಯೋ?” ಅಕ್ಕನಿಗೆ ಹೇಳಿದೆ. ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ನಕ್ಕಳು. ಅರ್ಧ ಬಟ್ಟಲು ಸೂಪ್ ಒಳಗೆ ಹೋಯಿತು. ಈ ವಾರ ಹೀಗೇ ತಿಂದರೆ ಮನೆಗೆ ಕಳಿಸುತ್ತಾರಂತೆ. ಭಾವ ಆಗಲೇ ಮಂಚ ಕಿಟಕಿಯ ಪಕ್ಕಕ್ಕೆ ಎಳೆದಿದ್ದಾರೆ. ನನಗೂ ಖುಷಿ, ತುಂಬಾ ಖುಷಿ.

ಮಾರ್ಚ್ ೧೬

ಸೇತುವೆಯ ಮೇಲೆ. ಮತ್ತೆ.

ಸೈಕಲ್ ಅಲ್ಲೇ ಒರಗಿಸಿ ಓಡಿದೆ. ಹೋದರೆ ಅಕ್ಕನ ಹಾಸಿಗೆಯ ಸುತ್ತ ಪರದೆ. ಹೊರಗೆ ಭಾವ, ಕೈಯಲ್ಲಿ ಬಟ್ಟಲು.

“ನೀನು ಬರೋದು ತಡ ಆಯ್ತಲ್ಲ... ಹಸಿದಿರ್ತಾಳೆ ಅಂತ ನಾನೇ ಕೊಟ್ಟೆ. ಇವತ್ತು ನನಗೂ ಬಾಯಿ ತೆಗೆದ್ಲು ಕಣೇ. ತೆಗೆದ್ಲಲ್ಲಾ ಅಂತ ಇನ್ನೊಂದು ಕೊಟ್ಟೆ... ಮತ್ತೊಂದು...”

ಸೂಪ್ ಶ್ವಾಸಕೋಶಕ್ಕೆ ಇಳಿದಿದೆ.

ಮಾರ್ಚ್ ೧೭

ಜ್ವರ. ನಡೆದುಕೊಂಡೇ ಹೋಗಿ ಬಂದೆ. ಮೂಗಿಗೆ ಪೈಪು ಹಾಕಿದ್ದಾರೆ. ಅಕ್ಕ ಕಣ್ಣು ಬಿಡಲಿಲ್ಲ.

ಮಾರ್ಚ್ ೨೫

ಅಕ್ಕ ಹೋದಳು. ಶುಕ್ರವಾರ. ಬರೆಯಲು ಇವತ್ತು ಆಯಿತು.

ಮಾರ್ಚ್ ೨೮

ಕೈಗೆ ಏನಾದರೂ ಕೆಲಸ ಬೇಕಿತ್ತು. ಟೈರ್ ಬಿಚ್ಚಿ, ಒಳಗೆ ಸುತ್ತಲೂ ಹತ್ತಿ ಆಡಿಸಿದೆ. ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಸ್ವಲ್ಪ ಮುಂದೆ ಇನ್ನೊಂದು ಕಡೆ. ಕೂದಲಿನಷ್ಟು ತೆಳ್ಳಗಿನ ತಂತಿಯ ಚೂರುಗಳು, ಪ್ಯಾಚಿಗೆ ಹಚ್ಚಿದ ಸಲ್ಯೂಷನ್ನಿನ ಅಂಟಿಗೆ ಕಚ್ಚಿಕೊಂಡು ಕೂತಿವೆ. ಟೈರಿನ ಹೊರಮೈಯಲ್ಲಿ ಒಂದು ಗೀರೂ ಇಲ್ಲ. ರಸ್ತೆಯಿಂದ ಬಂದವಲ್ಲ.

ಕೆಳಗೆ ಹಾಸಿದ್ದ ಏಪ್ರನ್ ಎತ್ತಿ ಕೊಡವಿದೆ. ಮಡಿಕೆಗಳಿಂದ ನೆಲದ ಮೇಲೆ ಉದುರಿದವು, ಹಿಡಿಯಷ್ಟು.

ಪ್ರತಿ ಸಲವೂ ಇದರ ಮೇಲೆಯೇ ಟೈರ್ ಬಿಚ್ಚಿದ್ದು. ಒಂದು ತೂತು ಮುಚ್ಚುತ್ತಾ ಮುಂದಿನದಕ್ಕೆ ನಾನೇ ಬೀಜ ಹಾಕಿದ್ದು. ಬೇಲಿಯೇ ಹೊಲ ಮೇಯ್ದಿದೆ. ಬರೀ ಒಂದು ಹಳೆಯ ಪೇಪರ್ ಹಾಸಿದ್ದರೆ... ಒಂದು ಸಲ ಹತ್ತಿ ಆಡಿಸಿದ್ದರೆ...

ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ, ಪೇಪರಿನ ಮೇಲಿಟ್ಟು ಜೋಡಿಸಿದೆ.

ಏಪ್ರಿಲ್ ೨

ಗಾಳಿ ಹೋಗಿಲ್ಲ. ಚಕ್ರ ಕಲ್ಲಿನಂತಿದೆ.

ಭಾವ ನೋಡಿದರು. “ಏನಾಗಿತ್ತಂತೆ?”

“ಏನೋ ತಂತಿ.”

“ಪಾಪ, ಹೊತ್ಕೊಂಡು ಓಡಾಡ್ತಿದ್ದೆ. ನಿಂದೇನೂ ತಪ್ಪಿಲ್ಲ ಬಿಡು. ಹಾಳಾದ್ದು ಈ ಕೈ.”

ಏಪ್ರನ್ ಮಡಚಿ ಬಾಗಿಲ ಹಿಂದಕ್ಕೆ ತಳ್ಳಿದೆ. ಈ ಮನೆಯಲ್ಲಿ ಉಳಿದಿರುವುದು ನಾವಿಬ್ಬರೇ. ತಿಳಿದ ಮೇಲೆ ಅವರೂ ನನ್ನ ಮುಖ ನೋಡದಿದ್ದರೆ? ಹೆದರಿಕೆ. ಅಷ್ಟೇ, ಬೇರೇನಲ್ಲ.

ಏಪ್ರಿಲ್ ೫

ಭಾವ ಗಾರೆ ಕೆಲಸಕ್ಕೆ ಇನ್ನೂ ಹೋಗಿಲ್ಲ. ಕರಣೆ ಹಿಡಿಯಲಾರೆ ಅನ್ನುತ್ತಾರೆ. ಮೇಸ್ತ್ರಿ ಎರಡು ಸಲ ಬಂದು ಕರೆದು ಹೋದ. ಊಟಕ್ಕೂ ಎಡಗೈ. ಅರ್ಧ ಕೆಳಗೆ ಚೆಲ್ಲುತ್ತದೆ, ನೋಡದ ಹಾಗೆ ಒರೆಸುತ್ತೇನೆ.

ಈಗ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಾರೆ, ಬಲಗೈ ಕಂಕುಳಲ್ಲಿ ಅವಿತಿದೆ. ಹೇಳಬೇಕು. ಎದುರಿಗೆ ನಿಂತರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ, ಬಾಯಿಪಾಠಕ್ಕೆ.

ಭಾವ, ನಿಮ್ಮ ಕೈಯಿಂದಲ್ಲ. ಅವಳು ನಿಮಗೆ ಬಾಯಿ ತೆಗೆದಿದ್ದಳು, ನೀವು ಕೊಟ್ಟಿರಿ. ಆ ಹೊತ್ತಿಗೆ ಅಲ್ಲಿ ಇರಬೇಕಾದವಳು ನಾನು. ತಡವಾಗಿದ್ದು ರಸ್ತೆಯಿಂದಲ್ಲ, ನಾನು ಟೈರಿನ ಕೆಳಗೆ ಹಾಸಿದ ಏಪ್ರನ್ನಿನಿಂದ.