ನಾನು ಅಪ್ಪನಿಗೆ ಅಂದ ಮಾತು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಎಲ್ಲರೂ ಕ್ಷೇಮ ಎಂದು ಬರೆಯುವ ಜಾಗವನ್ನು ಈ ಸಲ ಖಾಲಿ ಬಿಟ್ಟಿದ್ದೇನೆ. ನಿನ್ನ ಪರೀಕ್ಷೆ ಮುಗಿಯುವವರೆಗೆ ಏನನ್ನೂ ತಿಳಿಸಕೂಡದೆಂದು ಅಮ್ಮ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಮಾತಿಗೆ ತಪ್ಪುತ್ತಿದ್ದೇನೆ, ಬೈಯಬೇಡ. ಅಪ್ಪನ ಕೆಲಸ ಹೋಗಿ ಎರಡು ತಿಂಗಳಾಯಿತು. ಪಿಂಗಾಣಿ ಕಾರ್ಖಾನೆಯನ್ನೇ ಮುಚ್ಚಿಬಿಟ್ಟರು ಎಂದು ಅವರೇ ಬಂದು ಹೇಳಿದರು.

ಇಪ್ಪತ್ತೆರಡು ವರ್ಷ ಕಪ್ಪು-ಬಸಿಗಳನ್ನು ಬೆರಳಲ್ಲಿ ತಟ್ಟಿ, ಸದ್ದಿನಲ್ಲೇ ಬಿರುಕು ಪತ್ತೆಹಚ್ಚಿದವರಲ್ಲವೇ? ಈಗ ಮನೆಯೇ ಕಾರ್ಖಾನೆ. ನಾನು ತೊಳೆದ ಪಾತ್ರೆ, ಅಮ್ಮ ಮಡಿಸಿದ ಬಟ್ಟೆ, ತಂಗಿಯ ಹೋಂವರ್ಕ್ ಎಲ್ಲವೂ ಅವರ ಮುಂದೆ ಹಾಜರಾಗಬೇಕು. ಸರಿಯಿಲ್ಲದಿದ್ದರೆ ರಿಜೆಕ್ಟ್ ಎನ್ನುತ್ತಾರೆ. ಮೊದಮೊದಲು ನಾವು ನಕ್ಕೆವು. ಅಮ್ಮ ಈಗಲೂ ಆಯ್ತು ರೀ, ಆಯ್ತು ರೀ ಅಂತ ತಲೆಯಾಡಿಸುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ನೀನು ಪಟಾಕಿ ಎಂದು ಕರೆಯುವ ನಮ್ಮ ತಂಗಿ ಈಗ ನೆನೆದ ಪಟಾಕಿ. ಅಪ್ಪನ ಹೆಜ್ಜೆ ಕೇಳಿದರೆ ಸಾಕು, ಪುಸ್ತಕ ಬಚ್ಚಿಡುತ್ತಾಳೆ.

ಬುಧವಾರ ಬೆಳಗ್ಗೆ ಅವಳು ಬರೆದ ನಕ್ಷೆಯನ್ನು ಮೂರನೇ ಸಲ ರಿಜೆಕ್ಟ್ ಮಾಡಿದರು. ಬಸ್ಸು ಹೋಗ್ಬಿಡತ್ತೆ ಅಪ್ಪಾ ಅಂತ ಅವಳು ಅತ್ತಳು. ಬಸ್ಸು ಹೋಗಿಯೇಬಿಟ್ಟಿತು. ಆಗ ನನ್ನ ಬಾಯಿಂದ ಒಂದು ಮಾತು ಬಂತು. ಏನೆಂದು ಕೇಳಬೇಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ.

ಅಂದಿನಿಂದ ಅಪ್ಪ ನಮ್ಮ ಜೊತೆ ಊಟಕ್ಕೆ ಕೂರುತ್ತಿಲ್ಲ. ನಿನ್ನೆ ತಂಗಿ ತಾನಾಗಿಯೇ ಲೆಕ್ಕದ ಪುಸ್ತಕ ಒಯ್ದು ಮುಂದೆ ಹಿಡಿದಳು. ಗೋಡೆ ನೋಡುತ್ತಲೇ ಸರಿಯಾಗಿದೆ ಹೋಗಮ್ಮ ಅಂದರು. ಅದರಲ್ಲಿ ಐದು ತಪ್ಪಿದ್ದವು. ನನಗೆ ಭಯವಾಗುತ್ತಿದೆ, ಅಕ್ಕಾ. ಗದರುತ್ತಿದ್ದ ಅಪ್ಪನೇ ವಾಸಿಯಿದ್ದರು.

ನಾನು ಹತ್ತಿರ ಹೋದರೆ ಎದ್ದು ಹೋಗುತ್ತಾರೆ. ನಿನ್ನ ಮಾತನ್ನು ಅವರು ಯಾವತ್ತೂ ತೆಗೆದುಹಾಕಿದವರಲ್ಲ. ಒಂದು ದಿನದ ಮಟ್ಟಿಗಾದರೂ ಬಂದು ಅವರನ್ನು ಊಟಕ್ಕೆ ಎಬ್ಬಿಸು.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಆ ಮಾತನ್ನು ಮುಚ್ಚಿಟ್ಟರೆ ನೀನು ಬಂದು ಅಪ್ಪನನ್ನೇ ಬೈಯುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ. ಕಾರ್ಖಾನೆಯ ಫೋರ್‌ಮನ್ ಮಗಳು ನನ್ನ ಕ್ಲಾಸಿನವಳು, ಎಲ್ಲ ಹೇಳಿದ್ದಳು. ನಾನು ಅಂದದ್ದು ಇಷ್ಟು: ಕಾರ್ಖಾನೆ ನಡೀತಾನೇ ಇದೆ, ಕಿವಿ ಮಂದ ಆಯ್ತು ಅಂತ ನಿಮ್ಮೊಬ್ಬರನ್ನೇ ರಿಜೆಕ್ಟ್ ಮಾಡಿದ್ದು. ಅಮ್ಮ ಅಲ್ಲೇ ಇದ್ದಳು. ಇದನ್ನು ಕೇಳಿ ಅವಳು ಬೆಚ್ಚಿಬೀಳಬೇಕಿತ್ತು. ಬೆಚ್ಚಲಿಲ್ಲ, ನನ್ನ ಬಾಯಿ ಮುಚ್ಚಲು ಓಡಿ ಬಂದಳು. ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತೆಂದು ಅಪ್ಪನಿಗೆ ತಿಳಿದದ್ದು ಆಗ.